ದೆಹಲಿಯಲ್ಲಿ ಟರ್ಮಿನಲ್ ಬದಲಿಸಿ ಮುಂದಿನ ವಿಮಾನ ಹಿಡಿಯೋಕೆ ಮೂರು ತಾಸು ಸಾಕಾ?

ಕುಂದವಾಡ ಕೆರೆ (ದಾವಣಗೆರೆ):

ಹಿರಿಯರಿಬ್ಬರು ಷಿಕಾಗೊಗೆ ಹೊರಟಿದ್ದಾರೆ. ಒಬ್ಬರಿಗೆ 71, ಇನ್ನೊಬ್ಬರಿಗೆ 66. ಏಜೆಂಟರು ಕೊಟ್ಟಿರೋ ಪ್ಲಾನ್ ಹೀಗಿದೆ. ಹುಬ್ಬಳ್ಳಿ–ದೆಹಲಿ ಒಂದು ಟಿಕೆಟ್, ಇಳಿಯೋದು ದೆಹಲಿ ಟರ್ಮಿನಲ್ 1ರಲ್ಲಿ. ಆಮೇಲೆ ಟರ್ಮಿನಲ್ 3ರಿಂದ ಲಂಡನ್ ಹೀಥ್ರೂ ಮೇಲೆ ಷಿಕಾಗೊ, ಅದು ಬೇರೆ ಟಿಕೆಟ್, ಬೇರೆ ಕಂಪನಿ. ದೆಹಲಿಯಲ್ಲಿ ನಡುವೆ ಸಿಗೋದು 3 ತಾಸು 10 ನಿಮಿಷ. ಇಬ್ಬರಿಗೂ ಅಮೆರಿಕದ ವೀಸಾ ಆಗಿದೆ. ತಲಾ ಎರಡು ಬ್ಯಾಗ್, ಒಂದೊಂದು 23 ಕೆ.ಜಿ. ಇನ್ನೂ ದುಡ್ಡು ಕಟ್ಟಿಲ್ಲ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ, ಇದು ಆಗೋ ಮಾತಾ?

ಜೋಗಿಮಟ್ಟಿ (ಚಿತ್ರದುರ್ಗ):

ದುಡ್ಡು ಕಟ್ಟಬೇಡಿ. ಕಾರಣ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಟರ್ಮಿನಲ್ ಬದಲು ಅಂದ ಕೂಡಲೇ ಎಲ್ಲರೂ ಎಷ್ಟು ಕಿಲೋಮೀಟರ್ ಅಂತ ಕೇಳ್ತಾರೆ. ಹೊತ್ತು ತಿನ್ನೋದು ಕಿಲೋಮೀಟರ್ ಅಲ್ಲ, ನಡುವೆ ದಾಟಬೇಕಾದ ಬಾಗಿಲುಗಳು. ಲಗೇಜ್ ಬೆಲ್ಟ್ ಒಂದು ಬಾಗಿಲು, ಟರ್ಮಿನಲ್ ಹೊಸ್ತಿಲಲ್ಲಿ ಟಿಕೆಟ್ ನೋಡೋ ಸಿಐಎಸ್ಎಫ್ ಭದ್ರತಾ ಪಡೆ ಒಂದು ಬಾಗಿಲು, ಚೆಕ್-ಇನ್ ಕೌಂಟರ್, ಇಮಿಗ್ರೇಷನ್, ಸೆಕ್ಯುರಿಟಿ, ಕೊನೆಗೆ ಗೇಟ್. ಪ್ರತಿ ಬಾಗಿಲಿಗೂ ಒಂದು ಸರತಿ. ಒಂದೇ ಟಿಕೆಟ್‌ನಲ್ಲಿ, ಲಗೇಜ್ ನೇರ ಹೋಗೋ ಹಾಗಿದ್ದರೆ ಇದರಲ್ಲಿ ಮೂರು ಬಾಗಿಲು ಕಳೆದುಹೋಗುತ್ತವೆ. ಬೇರೆ ಬೇರೆ ಟಿಕೆಟ್ ಆದರೆ ಆರೂ ಉಳಿಯುತ್ತವೆ.

ನಿಮ್ಮ ಪ್ಲಾನಿಗೆ ಲೆಕ್ಕ ಹಾಕೋಣ. ವಿಮಾನ ಸರಿಯಾದ ಹೊತ್ತಿಗೇ ಇಳಿಯಿತು ಅಂತಿಟ್ಟುಕೊಳ್ಳಿ. ಬಾಗಿಲು ತೆಗೆದು ಕೆಳಗೆ ಇಳಿಯೋಕೆ 15 ನಿಮಿಷ. ನಾಲ್ಕು ಬ್ಯಾಗ್ ಬೆಲ್ಟ್ ಮೇಲೆ ಬರೋಕೆ 40. ಟ್ರಾಲಿ ತಳ್ಳಿಕೊಂಡು ಹೊರಗೆ ಬಂದು ಶಟಲ್ ಬಸ್ ನಿಲ್ಲೋ ಜಾಗ ಹುಡುಕೋಕೆ 10. ಬಸ್ಸಿಗೆ ಕಾಯೋದು 20. ಟಿ1ರಿಂದ ಟಿ3ಕ್ಕೆ ರಸ್ತೆ ಸುತ್ತಿ ಹೋಗೋದು 30. ಟಿ3 ಹೊಸ್ತಿಲ ಸರತಿ 15. ಚೆಕ್-ಇನ್ ಸರತಿ 30. ಒಟ್ಟು 160 ನಿಮಿಷ, ಅಂದರೆ 2 ತಾಸು 40 ನಿಮಿಷ. ಅಲ್ಲಿಗೆ ಕೌಂಟರ್ ಮುಂದೆ ನಿಂತ ಹಾಗಾಯ್ತು, ಅಷ್ಟೇ. ವಿದೇಶಕ್ಕೆ ಹೋಗೋ ವಿಮಾನದ ಕೌಂಟರ್ ಹೊರಡೋಕೆ 60ರಿಂದ 75 ನಿಮಿಷ ಮೊದಲೇ ಮುಚ್ಚುತ್ತೆ, ಕೆಲವು ಕಂಪನಿಯದ್ದು ಇನ್ನೂ ಮೊದಲೇ. 75 ಸೇರಿಸಿದರೆ 3 ತಾಸು 55 ನಿಮಿಷ. ನಿಮ್ಮ ಹತ್ತಿರ ಇರೋದು 3 ತಾಸು 10. ಎಲ್ಲಾ ಸರಿ ನಡೆದರೂ 45 ನಿಮಿಷ ಸಾಲದು. ಚಳಿಗಾಲದಲ್ಲಿ ದೆಹಲಿಯ ಮಂಜು ಬೇರೆ.

ಬೇರೆ ಟಿಕೆಟ್ ಆದ್ದರಿಂದ ಮೊದಲ ವಿಮಾನ ತಡವಾದರೆ ಎರಡನೇ ಕಂಪನಿಗೆ ಯಾವ ಹೊಣೆಯೂ ಇಲ್ಲ. ಅವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಅಷ್ಟೇ ಅಲ್ಲ, ಟಿಕೆಟ್‌ನ ಮೊದಲ ಭಾಗಕ್ಕೆ ಹತ್ತದಿದ್ದರೆ ಉಳಿದ ಭಾಗಗಳೂ ತಾವಾಗೇ ರದ್ದಾಗುತ್ತವೆ. ದೆಹಲಿ–ಲಂಡನ್ ತಪ್ಪಿದರೆ ಲಂಡನ್–ಷಿಕಾಗೊ ಹೋಯ್ತು, ಅದೇ ಟಿಕೆಟ್‌ನಲ್ಲಿರೋ ವಾಪಸ್ ಪ್ರಯಾಣವೂ ಹೋಯ್ತು.

ಬಾತಿ ಗುಡ್ಡ (ದಾವಣಗೆರೆ):

ಜೋಗಿಮಟ್ಟಿ ಸರ್ ಹೇಳಿದ್ದಕ್ಕೆ ತೂಕದ ಮಾತೂ ಸೇರಿಸ್ರಿ. ಅಮೆರಿಕದ ಟಿಕೆಟ್‌ನಲ್ಲಿ ತಲಾ 46 ಕೆ.ಜಿ. ಬಿಡ್ತಾರೆ. ಹುಬ್ಬಳ್ಳಿ–ದೆಹಲಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಮಾತ್ರ. ತಲಾ 31, ಇಬ್ಬರಿಂದ 62 ಕೆ.ಜಿ.ಗೆ ಹುಬ್ಬಳ್ಳಿ ಕೌಂಟರಿನಲ್ಲೇ ಹೆಚ್ಚುವರಿ ಕಟ್ಟಬೇಕು. ಏಜೆಂಟರು ತೋರಿಸಿದ ಉಳಿತಾಯ ಅಲ್ಲೇ ಮುಗೀತೈತಿ. ಒಂದೇ ಟಿಕೆಟ್ ಆಗಿದ್ದರೆ ಹೆಚ್ಚಾಗಿ ಮೊದಲಿಂದ ಕೊನೇವರೆಗೂ ಒಂದೇ ತೂಕದ ಲೆಕ್ಕ ನಡೀತೈತಿ.

ಕುಂದವಾಡ ಕೆರೆ:

ಆದರೆ ಏಜೆಂಟರು "ಹುಬ್ಬಳ್ಳಿಯಲ್ಲಿ ಕೊಟ್ಟ ಬ್ಯಾಗ್ ಸೀದಾ ಷಿಕಾಗೊದಲ್ಲೇ ಸಿಗುತ್ತೆ" ಅಂತಿದ್ದಾರಲ್ಲ?

ಬಾತಿ ಗುಡ್ಡ:

ಎರಡು ಕಂಪನಿಗಳ ನಡುವೆ ಲಗೇಜ್ ಒಪ್ಪಂದ ಇದ್ದು, ಎರಡೂ ಒಂದೇ ಬುಕಿಂಗ್ ನಂಬರ್, ಅಂದರೆ ಪಿಎನ್ಆರ್‌ನಲ್ಲಿದ್ದರೆ ಆ ಮಾತು ನಂಬಬಹುದು. ಬೇರೆ ಬೇರೆ ಟಿಕೆಟ್ ಇದ್ದರೆ ಬಹಳ ಕಂಪನಿಗಳು ಒಪ್ಪಲ್ಲ. ಬಾಯಿಮಾತು ಬಿಡ್ರಿ, ಟ್ಯಾಗ್ ಓದ್ರಿ.

ಟ್ಯಾಗ್ ಓದೋದು ಹೀಗೆ. ಕೌಂಟರಿನವರು ಬ್ಯಾಗಿನ ಹಿಡಿಗೆ ಸುತ್ತೋ ಉದ್ದನೆ ಬಿಳಿ ಪಟ್ಟಿ ಇರ್ತದಲ್ಲ, ಅದರ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಮೂರಕ್ಷರದ ಕೋಡ್ ಇರ್ತದೆ. ಅದು ಬ್ಯಾಗ್ ಕೊನೆಗೆ ಹೋಗಿ ಸೇರೋ ಊರು. ಷಿಕಾಗೊ ಓಹೇರ್‌ಗೆ ಓ-ಆರ್-ಡಿ. ದೆಹಲಿಗೆ ಡಿ-ಇ-ಎಲ್. ದಪ್ಪ ಅಕ್ಷರದಲ್ಲಿ ಡಿ-ಇ-ಎಲ್ ಇದ್ದರೆ ಬ್ಯಾಗ್ ದೆಹಲಿ ಬೆಲ್ಟಿಗೇ ಬರೋದು, ಯಾರು ಏನೇ ಹೇಳಲಿ. ನಡುವೆ ಬದಲಿಸೋ ಊರುಗಳು ಸಣ್ಣ ಅಕ್ಷರದಲ್ಲಿ ವಿಮಾನ ಸಂಖ್ಯೆ ಜೊತೆಗೆ ಇರ್ತಾವೆ. ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿ ಕೊಡೋ ಚೀಟಿಯಲ್ಲಿ ಅದೇ 10 ಅಂಕಿಯ ನಂಬರ್ ಇರ್ತದೆ. ಕೌಂಟರ್ ಬಿಡೋ ಮೊದಲು ಪಟ್ಟಿ, ಚೀಟಿ ಎರಡನ್ನೂ ಫೋನಿನಲ್ಲಿ ಫೋಟೊ ತಕ್ಕೊಳ್ರಿ. ಹಳೇ ಪ್ರಯಾಣದ ಟ್ಯಾಗು, ಸಣ್ಣ ಬಾರ್‌ಕೋಡ್ ಸ್ಟಿಕ್ಕರ್ ಬ್ಯಾಗಿಗೆ ಅಂಟಿಕೊಂಡಿದ್ದರೆ ಮನೇಲೇ ಕಿತ್ತು ಹಾಕ್ರಿ. ಬೆಲ್ಟಿನ ಸ್ಕ್ಯಾನರ್ ಹಳೇ ಕೋಡ್ ಓದಿದರೆ ಬ್ಯಾಗ್ ಪಕ್ಕಕ್ಕೆ ಬೀಳ್ತದೆ, ಕೈಯಿಂದ ವಿಂಗಡಿಸೋ ಹೊತ್ತಿಗೆ ವಿಮಾನ ಹೋಗಿರ್ತದೆ.

ಚಂದ್ರವಳ್ಳಿ (ಚಿತ್ರದುರ್ಗ):

ದೆಹಲಿ ಬಗ್ಗೆ ಒಂದು ಮಾತು. ಟಿ2 ಮತ್ತು ಟಿ3 ಅಕ್ಕಪಕ್ಕ, ನಡೆದೇ ಹೋಗಬಹುದು. ಟಿ1 ಬೇರೆ ಕಡೆ ಇದೆ. ಮೆಟ್ರೊ ಇದೆಯಲ್ಲ ಅಂತ ಹೊರಡಬೇಡಿ. ಟಿ1 ನಿಲ್ದಾಣ ಮೆಜೆಂಟಾ ಮಾರ್ಗದ್ದು, ಟಿ3 ನಿಲ್ದಾಣ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗದ್ದು. ಎರಡರ ನಡುವೆ ನೇರ ರೈಲಿಲ್ಲ, ಊರೊಳಗೆ ಹೋಗಿ ಬದಲಿಸಿ ಬರಬೇಕು. ಲಗೇಜ್ ಇದ್ದವರಿಗೆ ಬಸ್ಸು ಇಲ್ಲವೇ ಟ್ಯಾಕ್ಸಿಯೇ ದಾರಿ. ಶಟಲ್ ಹತ್ತೋಕೆ ಮುಂದಿನ ವಿಮಾನದ ಟಿಕೆಟ್ ತೋರಿಸಬೇಕು, ಕಾಗದದ ಮೇಲೆ ಒಂದು ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು, ದೆಹಲಿಯಲ್ಲಿ ಕಂಪನಿಗಳು ಟರ್ಮಿನಲ್ ಬದಲಿಸ್ತಾನೇ ಇರ್ತವೆ. 2024ರ ಜೂನ್‌ನಲ್ಲಿ ಟಿ1ರ ಚಾವಣಿ ಕುಸಿದ ಮೇಲೆ ವಿಮಾನಗಳನ್ನ ಟಿ2, ಟಿ3ಕ್ಕೆ ಹಂಚಿದರು. 2025ರಲ್ಲಿ ಟಿ2 ದುರಸ್ತಿಗೆ ಮುಚ್ಚಿದಾಗ ಮತ್ತೆ ಅದಲುಬದಲು ಆಯ್ತು. ಮೂರು ತಿಂಗಳ ಹಿಂದೆ ಬುಕ್ ಮಾಡಿದ ಟಿಕೆಟ್ ಮೇಲಿನ ಟರ್ಮಿನಲ್ ನಂಬರ್ ಹಿಂದಿನ ದಿನ ಮತ್ತೊಮ್ಮೆ ನೋಡಲೇಬೇಕು.

ವಾಣಿವಿಲಾಸ (ಹಿರಿಯೂರು):

ಹುಬ್ಬಳ್ಳಿ, ದೆಹಲಿ ಅಂತ ಯಾಕೆ ಸುತ್ತಬೇಕು? ದಾವಣಗೆರೆಯವರಿಗೆ ದೇವನಹಳ್ಳಿಯೇ ಒಳ್ಳೇದು. ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ಹೆದ್ದಾರಿ 648 ಹಿಡಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ನೆಲಮಂಗಲ, ಯಶವಂತಪುರ, ಹೆಬ್ಬಾಳ ಯಾವುದೂ ಮುಟ್ಟಬೇಕಾಗಿಲ್ಲ. ದಾವಣಗೆರೆಯಿಂದ ನಾಲ್ಕೂವರೆ, ಐದು ತಾಸು ಹಿಡಿಯಿರಿ, ಊಟಕ್ಕೆ ನಿಂತರೆ ಅದು ಬೇರೆ. ಮ್ಯಾಪ್ ಕೆಲವು ಸಲ ಗೊರಗುಂಟೆಪಾಳ್ಯದ ಮೇಲೆ ಕರೆದುಕೊಂಡು ಹೋಗುತ್ತೆ. ಚಾಲಕರಿಗೆ ದಾಬಸ್‌ಪೇಟೆ ತಿರುವಿನ ಮಾತು ಹೊರಡುವಾಗಲೇ ಹೇಳಿಬಿಡಿ.

ರೈಲಿನಲ್ಲಿ ಬರೋದಾದರೆ ವಂದೇ ಭಾರತ್ ದಾವಣಗೆರೆಯಲ್ಲೂ ನಿಲ್ಲುತ್ತೆ, ಯಶವಂತಪುರದಲ್ಲೂ ನಿಲ್ಲುತ್ತೆ. ಅಲ್ಲಿಂದ ಟ್ಯಾಕ್ಸಿ ಇಲ್ಲವೇ ವಾಯುವಜ್ರ ಬಸ್. ನಾಲ್ಕು ದೊಡ್ಡ ಬ್ಯಾಗ್ ಇದ್ದರೆ ಕಾರೇ ವಾಸಿ.

ತಾರೀಖಿನ ವಿಷಯದಲ್ಲಿ ಎಡವೋದು ಬಹಳ. ಬೆಂಗಳೂರಿಂದ ವಿದೇಶದ ವಿಮಾನಗಳು ಹೆಚ್ಚಾಗಿ ನಡುರಾತ್ರಿಯಿಂದ ನಸುಕಿನವರೆಗೆ ಹೊರಡ್ತವೆ. ಟಿಕೆಟ್ ಮೇಲೆ 15ನೇ ತಾರೀಖು 02:10 ಅಂತ ಇದ್ದರೆ ದಾವಣಗೆರೆ ಬಿಡಬೇಕಾದ್ದು 14ನೇ ತಾರೀಖು ಮಧ್ಯಾಹ್ನ 3ರೊಳಗೆ. 15ರ ರಾತ್ರಿ ಹೊರಟರೆ ವಿಮಾನ ಹೋಗಿ ಒಂದು ದಿನ ಆಗಿರುತ್ತೆ.

ಆನೆಕೊಂಡ (ದಾವಣಗೆರೆ):

ಬೆಂಗಳೂರಿನಲ್ಲೂ ಎರಡು ಟರ್ಮಿನಲ್ ಅದಾವ್ರಿ, ಮರೀಬೇಡ್ರಿ. 2023ರ ಸೆಪ್ಟೆಂಬರ್ 12ರಿಂದ ವಿದೇಶದ ವಿಮಾನಗಳು ಟಿ2ಗೆ ಹೋಗ್ಯಾವೆ. ಇಂಡಿಗೋದ ದೇಶದೊಳಗಿನ ವಿಮಾನ ಟಿ1ರಲ್ಲಿ, ಅದೇ ಇಂಡಿಗೋದ ವಿದೇಶದ ವಿಮಾನ ಟಿ2ರಲ್ಲಿ. ಶಿವಮೊಗ್ಗ ಅಥವಾ ಹುಬ್ಬಳ್ಳಿಯಿಂದ ಇಂಡಿಗೋದಲ್ಲಿ ಬಂದು ವಿದೇಶಕ್ಕೆ ಹೋಗೋರು ಇಲ್ಲೇ ಟರ್ಮಿನಲ್ ಬದಲಿಸಬೇಕಾಗ್ತದೆ. ಎರಡರ ನಡುವೆ ಉಚಿತ ಶಟಲ್ ಬಸ್ ಐತಿ. ಕಾರಿನಲ್ಲಿ ಬರೋರು ಚಾಲಕನಿಗೆ "ಏರ್‌ಪೋರ್ಟ್" ಅಂತ ಹೇಳಿದರೆ ಸಾಲದು, "ಟಿ2 ಡಿಪಾರ್ಚರ್" ಅಂತ ಹೇಳ್ರಿ.

ಜೋಗಿಮಟ್ಟಿ:

ಹಾಗಾದರೆ ಬೆಂಗಳೂರಿಂದ ಒಂದೇ ಪಿಎನ್ಆರ್‌ನಲ್ಲಿ, ಒಂದೇ ಸಲ ಬದಲಿಸೋ ಹಾಗೆ ನೋಡಿ. ನಡುವಿನ ಊರು ಯಾವುದು ಅನ್ನೋದೇ ಮುಖ್ಯ.

ದೋಹಾ: ಒಂದೇ ಟರ್ಮಿನಲ್. ಗೇಟ್‌ಗಳು 'ಎ' ಇಂದ 'ಇ' ವರೆಗೆ ಚಾಚಿಕೊಂಡಿವೆ, ದೂರದ ತುದಿಗೆ ಒಳಗೇ ರೈಲಿದೆ. ಇಳಿದವರು ಸೆಕ್ಯುರಿಟಿ ದಾಟಿ ಬೋರ್ಡ್ ನೋಡಿ ಹೋದರಾಯ್ತು.

ಅಬುಧಾಬಿ: 2023ರ ನವೆಂಬರ್‌ನಿಂದ ಟರ್ಮಿನಲ್ ಎ. ಅಮೆರಿಕಕ್ಕೆ ಹೋಗೋರಿಗೆ ಅಲ್ಲೇ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಮುಗಿಯುತ್ತೆ. ಅದರಿಂದ ನಡುವೆ ಹೆಚ್ಚು ಹೊತ್ತು ಬೇಕು, 3 ತಾಸಿಗಿಂತ ಕಡಿಮೆ ಬೇಡ. ಬದಲಿಗೆ ಅಮೆರಿಕದಲ್ಲಿ ಇಳಿದ ಮೇಲೆ ಆ ಸರತಿ ಇಲ್ಲ, ದೇಶದೊಳಗಿನ ಪ್ರಯಾಣಿಕರ ಹಾಗೆ ಹೊರಗೆ ಬರಬಹುದು. ವಯಸ್ಸಾದವರಿಗೆ ನನ್ನ ಮೊದಲ ಆಯ್ಕೆ ಇದೇ.

ದುಬೈ: ಎಮಿರೇಟ್ಸ್ ಇಂದ ಎಮಿರೇಟ್ಸ್‌ಗೆ ಆದರೆ ಎಲ್ಲಾ ಟಿ3ರೊಳಗೆ. ಎ, ಬಿ, ಸಿ ಅಂತ ಮೂರು ಭಾಗ, ಎಗೆ ಹೋಗೋಕೆ ರೈಲು ಹತ್ತಬೇಕು. ಫ್ಲೈದುಬೈ ಹೆಚ್ಚಾಗಿ ಟಿ2ರಲ್ಲಿ, ಅದು ರನ್‌ವೇ ಆಚೆ ಬದಿ. ಒಂದೇ ಟಿಕೆಟ್ ಆದರೆ ಒಳಗಿಂದಲೇ ಬಸ್ ಇದೆ, ಹೊರಗೆ ಬರಬೇಕಾಗಿಲ್ಲ. ಬಸ್ಸಿಗೆ ಕಾಯೋದು, ಸುತ್ತೋದು ಸೇರಿ ಮುಕ್ಕಾಲು ತಾಸು ಲೆಕ್ಕದಲ್ಲಿಡಿ.

ಫ್ರಾಂಕ್‌ಫರ್ಟ್: ಲುಫ್ತಾನ್ಸಾ ಟಿ1ರಲ್ಲಿ, ಒಳಗೆ ಎ, ಬಿ, ಸಿ, ಝಡ್. ಝಡ್ ಗೇಟ್‌ಗಳು ಎ ಭಾಗದ ಮೇಲಿನ ಅಂತಸ್ತು. ಎ ಇಂದ ಬಿಗೆ ನೆಲದಡಿ ಉದ್ದದ ದಾರಿ.

ಪ್ಯಾರಿಸ್ ಸಿಡಿಜಿ: ಇದರ ಬಗ್ಗೆ ಎಚ್ಚರ ಬೇಕು. "ಟರ್ಮಿನಲ್ 2" ಅಂದರೆ ಒಂದು ಕಟ್ಟಡವಲ್ಲ, 2ಎ ಇಂದ 2ಜಿವರೆಗೆ ಬೇರೆ ಬೇರೆ. 2ಇ ಒಳಗೇ ಕೆ, ಎಲ್, ಎಂ ಅಂತ ಮೂರು ಗೇಟ್ ಗುಂಪು, ಎಲ್ ಮತ್ತು ಎಂಗೆ ರೈಲು. ಟಿ1, ಟಿ3, ಟಿ2 ನಡುವೆ ಓಡೋ ಸಿಡಿಜಿವಾಲ್ ರೈಲು ಉಚಿತ, ಆದರೆ ಅದು ಸೆಕ್ಯುರಿಟಿಯ ಹೊರಗಿದೆ. ಅದಕ್ಕೆ ಹತ್ತಬೇಕು ಅಂದರೆ ಫ್ರಾನ್ಸಿನ ಗಡಿ ದಾಟಿದ ಹಾಗೆ, ಅಂದರೆ ಯುರೋಪಿನ ಬಹಳ ದೇಶಗಳಿಗೆ ಒಂದೇ ಆಗಿರೋ ಷೆಂಗೆನ್ ವೀಸಾ ಬೇಕು.

ಶಾಂತಿಸಾಗರ (ಚನ್ನಗಿರಿ):

ಆ ಕೊನೆ ಮಾತನ್ನ ಒತ್ತಿ ಹೇಳಬೇಕು. ಯುರೋಪಿನಲ್ಲಿ ಎರಡು ಸಲ ಬದಲಿಸೋ ಟಿಕೆಟ್ ಅಗ್ಗಕ್ಕೆ ಸಿಗುತ್ತೆ: ಬೆಂಗಳೂರು–ಫ್ರಾಂಕ್‌ಫರ್ಟ್–ಪ್ಯಾರಿಸ್–ಷಿಕಾಗೊ ಅನ್ನೋ ಥರ. ಫ್ರಾಂಕ್‌ಫರ್ಟಿನಿಂದ ಪ್ಯಾರಿಸ್‌ಗೆ ಹೋಗೋದು ಷೆಂಗೆನ್ ಒಳಗಿನ ಪ್ರಯಾಣ. ಫ್ರಾಂಕ್‌ಫರ್ಟಿನಲ್ಲೇ ಗಡಿ ತಪಾಸಣೆ ಆಗುತ್ತೆ. ಷೆಂಗೆನ್ ವೀಸಾ ಇಲ್ಲದಿದ್ದರೆ ಬೆಂಗಳೂರಿನ ಕೌಂಟರಿನಲ್ಲೇ ನಿಲ್ಲಿಸ್ತಾರೆ. ಬುಕಿಂಗ್ ಸೈಟು ವೀಸಾ ಪರೀಕ್ಷಿಸೋದಿಲ್ಲ, ದುಡ್ಡು ತಗೊಂಡು ಟಿಕೆಟ್ ಕೊಟ್ಟುಬಿಡುತ್ತೆ.

ಹೀಥ್ರೂನಲ್ಲಿ ಭಾರತದ ಪಾಸ್‌ಪೋರ್ಟಿಗೆ ಒಳಗೇ ಬದಲಿಸೋಕೂ ಟ್ರಾನ್ಸಿಟ್ ವೀಸಾ ಬೇಕು. ಊರ್ಜಿತವಾದ ಅಮೆರಿಕದ ವೀಸಾ ಇದ್ದವರಿಗೆ ವಿನಾಯಿತಿ ಇದೆ, ನಿಮ್ಮ ಹಿರಿಯರು ಅದರಲ್ಲಿ ಬರ್ತಾರೆ. ಆದರೆ ಈ ವಿನಾಯಿತಿ ಗಡಿ ದಾಟದೆ ಒಳಗೇ ಇರೋರಿಗೆ. ಲಗೇಜ್ ತಗೊಂಡು ಮತ್ತೆ ಕೊಡಬೇಕಾದ ಟಿಕೆಟ್ ಆದರೆ ಗಡಿ ದಾಟಬೇಕು, ಅದರ ನಿಯಮ ಬೇರೆ. ಬುಕ್ ಮಾಡೋ ಮೊದಲು ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್, ವೀಸಾ ವಿವರ ಹಾಕಿ ನೋಡಿಕೊಳ್ಳಿ.

ಹೀಥ್ರೂನಲ್ಲಿ ಈಗ ಇರೋದು 2, 3, 4, 5. ಟಿ1 2015ರಲ್ಲೇ ಮುಚ್ಚಿತು. ಇಳಿದ ಮೇಲೆ ನೇರಳೆ ಬಣ್ಣದ "ಫ್ಲೈಟ್ ಕನೆಕ್ಷನ್ಸ್" ಫಲಕ ಹಿಡಿದು ಹೋಗಬೇಕು. ಉಳಿದವರೆಲ್ಲ "ಅರೈವಲ್ಸ್" ಕಡೆ ಹೋಗ್ತಿರ್ತಾರೆ, ಗುಂಪಿನ ಹಿಂದೆ ಹೋಗೋದೇ ದೊಡ್ಡ ತಪ್ಪು. ಟರ್ಮಿನಲ್ ಬೇರೆಯಾದರೆ ಒಳಗಿಂದಲೇ ಬಸ್, ಬಸ್ ಇಳಿದ ಮೇಲೆ ಮತ್ತೆ ಸೆಕ್ಯುರಿಟಿ. ಹಿರಿಯರಿಗೆ ಅಲ್ಲಿ 3 ತಾಸಿಗೆ ಕಡಿಮೆ ಇಡಬೇಡಿ.

ಚಂದ್ರವಳ್ಳಿ:

ಟಿಕೆಟ್ ಸೈಟು 1 ತಾಸು 25 ನಿಮಿಷದ ಬದಲಾವಣೆ ಮಾರಿದ್ದರೆ ಅದು ತಪ್ಪೇನಲ್ಲ. ಪ್ರತಿ ಏರ್‌ಪೋರ್ಟಿಗೂ "ಕನಿಷ್ಠ ಕನೆಕ್ಷನ್ ಸಮಯ" ಅಂತ ನಿಗದಿಯಾಗಿರುತ್ತೆ. ಒಂದೇ ಟಿಕೆಟ್ ಆದರೆ ಅದಕ್ಕಿಂತ ಕಡಿಮೆ ಇರೋದನ್ನ ವ್ಯವಸ್ಥೆ ಮಾರೋದೇ ಇಲ್ಲ. ಆದರೆ ಆ ಕನಿಷ್ಠ ಸಮಯ ಚುರುಕಾಗಿ ನಡೆಯೋರ ಲೆಕ್ಕ, ವಿಮಾನ ಸರಿಯಾದ ಹೊತ್ತಿಗೆ ಬಂದ ದಿನದ ಲೆಕ್ಕ. ಬೇರೆ ಬೇರೆ ಟಿಕೆಟ್ ಆದರೆ ಆ ಕಾವಲೂ ಇಲ್ಲ. ಲಂಡನ್ ಅಂತ ಇಟ್ಟು ಒಂದು ಹೀಥ್ರೂ, ಇನ್ನೊಂದು ಗ್ಯಾಟ್‌ವಿಕ್, ಟೋಕಿಯೊ ಅಂತ ಇಟ್ಟು ಒಂದು ನರಿಟಾ, ಇನ್ನೊಂದು ಹನೇದಾ, ಇವನ್ನೂ ಸೇರಿಸಿಬಿಡ್ತಾರೆ. ಊರಿನ ಹೆಸರು ನೋಡಬೇಡಿ, ಮೂರಕ್ಷರದ ಕೋಡ್ ನೋಡಿ. ನಮ್ಮಲ್ಲೂ ಈಗ ಮುಂಬೈ ಬಿ-ಓ-ಎಂ, ನವಿ ಮುಂಬೈ ಎನ್-ಎಂ-ಐ, ಎರಡೂ ಬೇರೆ ಬೇರೆ ಏರ್‌ಪೋರ್ಟ್.

ಕುಂದವಾಡ ಕೆರೆ:

ಎಲ್ಲರಿಗೂ ಬಹಳ ಉಪಕಾರ ಆಯ್ತು. ವೀಲ್‌ಚೇರ್ ಕೇಳೋದು ಒಳ್ಳೇದಾ? ಒಬ್ಬರಿಗೆ ಮಂಡಿ ನೋವು, ನಡೀತಾರೆ ಆದರೆ ದೂರ ಆಗಲ್ಲ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ.

ಆನೆಕೊಂಡ:

ಕೇಳಲೇಬೇಕು. ಬುಕ್ ಮಾಡುವಾಗಲೇ ಹಾಕಿಸ್ರಿ, ತಡ ಅಂದರೂ 48 ತಾಸು ಮೊದಲು. ಮೂರು ಬಗೆ ಕೋಡ್ ಐತಿ. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಅಂದರೆ ಡಬ್ಲ್ಯುಸಿಎಚ್ಆರ್. ಮೆಟ್ಟಿಲೂ ಆಗಲ್ಲ ಅಂದರೆ ಡಬ್ಲ್ಯುಸಿಎಚ್ಎಸ್. ಸೀಟಿನವರೆಗೂ ಎತ್ತಿಕೊಂಡು ಹೋಗಬೇಕು ಅಂದರೆ ಡಬ್ಲ್ಯುಸಿಎಚ್‌ಸಿ. ನಿಮಗೆ ಮೊದಲನೇದು ಸಾಕು. ಬುಕಿಂಗ್ ಆದ ಮೇಲೆ ಪ್ರತಿ ವಿಮಾನದ ಸಾಲಿನ ಮುಂದೂ ಆ ಕೋಡ್ ಬಂದೈತಾ ನೋಡ್ರಿ. ಮೊದಲ ವಿಮಾನಕ್ಕೆ ಮಾತ್ರ ಹಾಕಿ ಎರಡನೇದಕ್ಕೆ ಬಿಟ್ಟಿರೋದು ಸಾಮಾನ್ಯ.

ಎಲ್ಲಿ ಕೆಡುತ್ತೆ ಅಂದರೆ, ನಡುವಿನ ಏರ್‌ಪೋರ್ಟಿನಲ್ಲಿ ಒಬ್ಬ ಸಹಾಯಕ ವಿಮಾನದ ಬಾಗಿಲಿಂದ ತಳ್ಳಿಕೊಂಡು ಬಂದು ಒಂದು ಜಾಗದಲ್ಲಿ ಕೂರಿಸಿ ಹೋಗ್ತಾನೆ. ಮುಂದಿನ ಸಹಾಯಕ ಬರೋವರೆಗೆ ಅಲ್ಲೇ ಕಾಯಬೇಕು. ಹಿರಿಯರು ಸಂಕೋಚಕ್ಕೆ ಸುಮ್ಮನೆ ಕೂತುಬಿಡ್ತಾರೆ, ಹೊತ್ತು ಹೋಗಿಬಿಡ್ತದೆ. ಅದಕ್ಕೆ ಅಂಗೈಯಗಲದ ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಕೆ ನಾಲ್ಕು ಸಾಲು ಬರೆದು ಕೊರಳಿಗೆ ಹಾಕೋ ಪ್ಲಾಸ್ಟಿಕ್ ಕವರಿನಲ್ಲಿ ಇಡ್ರಿ: ಮುಂದಿನ ವಿಮಾನದ ನಂಬರ್, ಹೋಗೋ ಊರು, ಬೋರ್ಡಿಂಗ್ ಶುರುವಾಗೋ ಹೊತ್ತು, ಮಕ್ಕಳ ಫೋನ್ ನಂಬರ್. ಬರೀಬೇಕಾದ್ದು ವಿಮಾನ ಹೊರಡೋ ಹೊತ್ತಲ್ಲ, ಬೋರ್ಡಿಂಗ್ ಹೊತ್ತು. ಗೇಟ್ 20–25 ನಿಮಿಷ ಮೊದಲೇ ಮುಚ್ಚಿಬಿಡ್ತದೆ. ಬೋರ್ಡಿಂಗ್ ಹೊತ್ತಿಗೆ ಒಂದು ತಾಸು ಮುಂಚೆ ಯಾರೂ ಬಂದಿಲ್ಲ ಅಂದರೆ ರಟ್ಟು ಎತ್ತಿ ಕೌಂಟರಿನವರಿಗೆ ತೋರಿಸಬೇಕು, ಇದನ್ನ ಮನೇಲೇ ಹೇಳಿಕೊಟ್ಟು ಕಳಿಸ್ರಿ. ಇಬ್ಬರಿಗೂ ವೀಲ್‌ಚೇರ್ ಹಾಕಿಸಿಲ್ಲ ಅಂದರೆ ಜೊತೆಗಿರೋರು ಕುರ್ಚಿ ಬಿಟ್ಟು ಎಲ್ಲೂ ಹೋಗಬಾರದು. ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್ ತೊಡೆ ಮೇಲಿನ ಚೀಲದಲ್ಲೇ ಇರಲಿ.

ಬಾತಿ ಗುಡ್ಡ:

ತಿಂಡಿ ವಿಷಯ ಯಾರೂ ಎತ್ತಿಲ್ಲ, ನಡುವಿನ ಸೆಕ್ಯುರಿಟಿಯಲ್ಲಿ ನಮ್ಮ ಕಡೆಯವರನ್ನ ತಡೆಯೋದೇ ಅದು.

ಬೆಣ್ಣೆ, ತುಪ್ಪ, ಉಪ್ಪಿನಕಾಯಿ, ಹಸಿ ಚಟ್ನಿ ಇವೆಲ್ಲ ಅವರ ಲೆಕ್ಕದಲ್ಲಿ ದ್ರವ ಇಲ್ಲವೇ ಜೆಲ್. ಕೈಚೀಲದಲ್ಲಿ 100 ಮಿ.ಲೀ. ಮೀರಿದ ಡಬ್ಬಿ ಬೆಂಗಳೂರಿನಲ್ಲೇ ತೆಗೆದಿಡ್ತಾರೆ. ದೊಡ್ಡ ಬ್ಯಾಗಿಗೆ ಹಾಕ್ರಿ, ಎರಡು ಪದರ ಕವರ್ ಕಟ್ಟಿ. ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಖಾರದ ಅವಲಕ್ಕಿ ಕೈಚೀಲಕ್ಕೆ ನಡೀತದೆ, ಆದರೆ ಒತ್ತಿ ತುಂಬಿದ ಪುಡಿ ಎಕ್ಸ್‌ರೇಯಲ್ಲಿ ಗಟ್ಟಿ ಕಂಡು ಚೀಲ ಬಿಚ್ಚಿಸ್ತಾರೆ, ಹತ್ತು ನಿಮಿಷ ಹೋಗ್ತದೆ.

ಕೊಬ್ಬರಿ ಗಿಟುಕು ಎರಡರಲ್ಲೂ ಬೇಡ. ಎಣ್ಣೆ ಅಂಶ ಇರೋದ್ರಿಂದ ಬೆಂಕಿ ಹತ್ತೋ ವಸ್ತು ಅಂತ ವಿಮಾನದಲ್ಲಿ ನಿಷೇಧ ಐತಿ. ಬ್ಯಾಗ್ ಪಕ್ಕಕ್ಕೆ ತೆಗೆದು ನಿಮ್ಮನ್ನ ಕರೆಸ್ತಾರೆ.

ಗಸಗಸೆ ಒಂದು ಕಾಳೂ ಬೇಡ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ದುಬೈ, ಅಬುಧಾಬಿ ಮೇಲೆ ಹೋಗೋರು ಮಸಾಲೆ ಪುಡಿಗಳಲ್ಲಿ ಬೆರೆಸಿದ್ದಾರಾ ಅಂತಲೂ ಕೇಳಿ ತಗೊಳ್ರಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ. ಗೇಟ್‌ನಲ್ಲಿ ಜಾಗ ಇಲ್ಲ ಅಂತ ಕೈಚೀಲವನ್ನೇ ಕೆಳಗೆ ಹಾಕೋಕೆ ತಗೊಂಡರೆ, ಕೊಡೋ ಮೊದಲು ಪವರ್ ಬ್ಯಾಂಕ್, ಮಾತ್ರೆ, ಕಾಗದಪತ್ರ ತೆಗೆದಿಟ್ಟುಕೊಳ್ರಿ.

ನಡುವಿನ ಊರಿನ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿ ಮುಚ್ಚಿದ ಚೀಲದಲ್ಲೇ, ರಸೀದಿ ಸಮೇತ ಇರಲಿ. ಊರು ಮುಟ್ಟೋವರೆಗೂ ಬಿಚ್ಚಬೇಡ್ರಿ.

ಶಾಂತಿಸಾಗರ:

ಷಿಕಾಗೊದಿಂದ ಮುಂದೆ ಇನ್ನೊಂದು ಊರಿಗೆ ಹೋಗೋರು ಇದನ್ನೂ ಓದಿ. ಅಬುಧಾಬಿಯಲ್ಲೇ ತಪಾಸಣೆ ಮುಗಿಸಿ ಬಂದೋರನ್ನ ಬಿಟ್ಟು ಉಳಿದವರು ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಕೊನೆಯ ಊರಿಗೆ ಟ್ಯಾಗ್ ಇದ್ದರೂ ಬ್ಯಾಗನ್ನ ಬೆಲ್ಟಿಂದ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ದಾಟಿದ ಕೂಡಲೇ ಎದುರಿಗೆ ಬ್ಯಾಗ್ ಮತ್ತೆ ಕೊಡೋ ಜಾಗ ಇರುತ್ತೆ, ಅಲ್ಲಿ ಹಾಕಿ ಮುಂದೆ ಹೋಗಬೇಕು. ಬ್ಯಾಗ್ ತಾನೇ ಹೋಗುತ್ತೆ ಅಂತ ಬೆಲ್ಟ್ ದಾಟಿ ಹೋದರೆ ಅದು ಅಲ್ಲೇ ಉಳಿಯುತ್ತೆ. ಓಹೇರ್‌ನಲ್ಲಿ ವಿದೇಶದಿಂದ ಬರೋರು ಸಾಮಾನ್ಯವಾಗಿ ಟಿ5ರಲ್ಲಿ ಇಳೀತಾರೆ. ಯುನೈಟೆಡ್ ಟಿ1, ಅಮೆರಿಕನ್ ಟಿ3. ನಡುವೆ ಉಚಿತ ರೈಲಿದೆ, ಆದರೆ ಸೆಕ್ಯುರಿಟಿ ಹೊರಗಿದೆ. ಹಾಗಾಗಿ ಮತ್ತೆ ಸೆಕ್ಯುರಿಟಿ ಸರತಿ. ಟಿ5ರಲ್ಲಿ ಇಳಿದು ಬೇರೆ ಟರ್ಮಿನಲ್‌ನಿಂದ ಹಾರಬೇಕಾದರೆ 3 ತಾಸು ಇಡಿ. ಡ್ಯೂಟಿ ಫ್ರೀ ಬಾಟಲಿಗಳನ್ನ ಬ್ಯಾಗ್ ಮತ್ತೆ ಕೊಡೋ ಮೊದಲು ದೊಡ್ಡ ಬ್ಯಾಗಿಗೆ ಸೇರಿಸಿಬಿಡಿ.

ತಿನ್ನೋ ಪದಾರ್ಥ ಏನಿದ್ದರೂ ಕಸ್ಟಮ್ಸ್‌ನವರು ಕೇಳಿದಾಗ "ಇದೆ" ಅಂತ ಹೇಳಬೇಕು. ಹೇಳಿದರೆ ಹೆಚ್ಚೆಂದರೆ ಬಿಸಾಡಿಸ್ತಾರೆ, ಬಚ್ಚಿಟ್ಟರೆ ದಂಡ.

ವಾಣಿವಿಲಾಸ:

ವಾಪಸ್ ಬರುವಾಗಲೂ ಅದೇ ನಿಯಮ ನಮ್ಮಲ್ಲೂ ಇದೆ. ಮುಂಬೈ ಅಥವಾ ದೆಹಲಿಯಲ್ಲಿ ಇಳಿದು ಹುಬ್ಬಳ್ಳಿಗೆ ಬರೋರು ಅಲ್ಲೇ ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್ ಮುಗಿಸಿ ಮತ್ತೆ ಬ್ಯಾಗ್ ಕೊಡಬೇಕು. ಮುಂಬೈನಲ್ಲಿ ವಿದೇಶದಿಂದ ಟಿ2ಗೆ ಬರ್ತೀರಿ. ಹುಬ್ಬಳ್ಳಿ ವಿಮಾನ ಟಿ1ರಲ್ಲಿದ್ದರೆ ಊರೊಳಗಿನ ರಸ್ತೆಯಲ್ಲಿ ಹೋಗಬೇಕು, ಸಂಜೆ ಹೊತ್ತು ಅದು ಬಹಳ ಹಿಡಿಯುತ್ತೆ. ಮೆಟ್ರೊ 3ನೇ ಮಾರ್ಗದಲ್ಲಿ ಟಿ1, ಟಿ2 ಎರಡಕ್ಕೂ ನಿಲ್ದಾಣ ಇದೆ, ನಡುವೆ ಸಹಾರ್ ರೋಡ್ ಒಂದೇ. ಕೈಚೀಲ ಮಾತ್ರ ಇದ್ದವರಿಗೆ ಅದು ಚೆನ್ನ. ಬೆಂಗಳೂರಿಗೇ ನೇರ ಬರೋರಿಗೆ ಈ ಗೊಡವೆ ಇಲ್ಲ. ಭಾರತೀಯರಿಗೂ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರ ಕಾರ್ಡ್) ಇದ್ದವರಿಗೂ ಬೆಂಗಳೂರಿನಲ್ಲಿ ಇ-ಗೇಟ್ ಇಮಿಗ್ರೇಷನ್ ಇದೆ. ಆನ್‌ಲೈನ್ ಅರ್ಜಿ ಹಾಕಿ ಬೆರಳಚ್ಚು ಕೊಟ್ಟಿರಬೇಕು. ಹೊರಡೋ ಬಹಳ ಮೊದಲೇ ಹಾಕಿಬಿಡಿ.

ಜೋಗಿಮಟ್ಟಿ:

ಇಷ್ಟಾದ ಮೇಲೂ ತಪ್ಪಿತು ಅಂದರೆ ಏನು ಮಾಡೋದು, ಅದನ್ನೂ ಬರೆದುಬಿಡ್ತೀನಿ. ಒಂದೇ ಟಿಕೆಟ್ ಆಗಿದ್ದರೆ ಹೊರಗೆ ಬರಬೇಡಿ. ಒಳಗೇ "ಟ್ರಾನ್ಸ್‌ಫರ್" ಡೆಸ್ಕ್ ಇರುತ್ತೆ, ಅಲ್ಲಿ ನಿಲ್ಲಿ. ಸರತಿಯಲ್ಲಿ ನಿಂತೇ ಊರಲ್ಲಿರೋ ಮಕ್ಕಳಿಂದ ಕಂಪನಿಗೆ ಫೋನ್ ಮಾಡಿಸಿ, ಎರಡರಲ್ಲಿ ಯಾವುದು ಮೊದಲು ಸಿಕ್ಕರೆ ಅದು. ಬಹಳ ಸಲ ನೀವು ಇಳಿಯೋ ಮೊದಲೇ ಮುಂದಿನ ವಿಮಾನಕ್ಕೆ ತಾವೇ ಬದಲಿಸಿರ್ತಾರೆ, ಆ್ಯಪ್‌ನಲ್ಲಿ ಕಾಣುತ್ತೆ. ಹೊಸ ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ ಹಳೇ ಟ್ಯಾಗ್ ಚೀಟಿ ತೋರಿಸಿ "ಬ್ಯಾಗ್ ಈ ವಿಮಾನಕ್ಕೆ ಬರ್ತದಾ" ಅಂತ ಕೇಳಲೇಬೇಕು. ರಾತ್ರಿ ಉಳಿಯಬೇಕಾದರೆ ಹೋಟೆಲ್, ಊಟದ ಚೀಟಿ ಕೇಳಿ. ಹೋಟೆಲ್ಲು ಹೊರಗಿದ್ದು ವೀಸಾ ಇಲ್ಲ ಅಂದರೆ ಒಳಗೇ ಮಲಗೋ ವ್ಯವಸ್ಥೆ ಕೇಳಿ.

ಯುರೋಪಿನ ಏರ್‌ಪೋರ್ಟಿನಿಂದ ಹೊರಟ ಪ್ರಯಾಣ, ಅಥವಾ ಯುರೋಪಿನ ಕಂಪನಿಯಲ್ಲಿ ಯುರೋಪಿಗೆ ಹೋದ ಪ್ರಯಾಣ, ಒಂದೇ ಬುಕಿಂಗ್‌ನಲ್ಲಿದ್ದು ಕಂಪನಿಯ ತಪ್ಪಿಂದ ಕೊನೆ ಊರಿಗೆ 3 ತಾಸಿಗಿಂತ ತಡವಾದರೆ ಪರಿಹಾರ ಕೇಳಬಹುದು. 3,500 ಕಿ.ಮೀ. ಮೀರಿದ ದೂರಕ್ಕೆ 600 ಯುರೋವರೆಗೆ ಇದೆ. ಹವಾಮಾನದಿಂದ ಆದ ತಡಕ್ಕೆ ಇದು ಅನ್ವಯಿಸೋದಿಲ್ಲ.

ಬ್ಯಾಗ್ ಬರದಿದ್ದರೆ ಬೆಲ್ಟ್ ಹತ್ತಿರದ ಕೌಂಟರಿನಲ್ಲಿ ದೂರು ಬರೆಸಿ, ನಂಬರ್ ತಗೊಂಡೇ ಹೊರಗೆ ಬನ್ನಿ. ಒಡೆದ ಬ್ಯಾಗಿಗೆ 7 ದಿನದೊಳಗೆ, ತಡವಾಗಿ ಬಂದ ಬ್ಯಾಗಿಗೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು.

ಕುಂದವಾಡ ಕೆರೆ:

ಹುಬ್ಬಳ್ಳಿ–ದೆಹಲಿ ಕೈಬಿಟ್ಟೆವು. ಈಗ ಏಜೆಂಟರು ಕೊಟ್ಟಿರೋದು ಬೆಂಗಳೂರು–ಅಬುಧಾಬಿ–ಷಿಕಾಗೊ, ಒಂದೇ ಪಿಎನ್ಆರ್, ಅಬುಧಾಬಿಯಲ್ಲಿ 4 ತಾಸು 20 ನಿಮಿಷ. ವೀಲ್‌ಚೇರ್ ಕೋಡ್ ಎರಡೂ ವಿಮಾನಕ್ಕೆ ಬಂದಿದೆ. ಮೊದಲಿನದಕ್ಕಿಂತ ಇಬ್ಬರಿಗೂ ಸೇರಿ ಒಂಬತ್ತು ಸಾವಿರ ಜಾಸ್ತಿ. ಇದಕ್ಕೆ ಕಟ್ಟಬಹುದಾ?

ಜೋಗಿಮಟ್ಟಿ:

ಕಟ್ಟಿ. 62 ಕೆ.ಜಿ. ಹೆಚ್ಚುವರಿ ತೂಕದ ದುಡ್ಡು ಉಳಿದಿದ್ದೇ ಅದಕ್ಕಿಂತ ಹೆಚ್ಚಾಗುತ್ತೆ. ಬೆಂಗಳೂರಿನ ಕೌಂಟರಿನಲ್ಲಿ ಎರಡೂ ಬೋರ್ಡಿಂಗ್ ಪಾಸ್ ಒಟ್ಟಿಗೇ ಕೇಳಿ ತಗೊಳ್ಳಿ. ಅಬುಧಾಬಿಯಲ್ಲಿ ಅಮೆರಿಕದ ಅಧಿಕಾರಿಗಳ ಸರತಿಗೆ ಬೇಗ ಹೋಗಿಬಿಡಿ, ಅಂಗಡಿಗಳ ಕಡೆ ತಿರುಗಬೇಡಿ ಅಂತ ಹಿರಿಯರಿಗೆ ಹೇಳಿ. ವಾಸ್ತವ್ಯದ ವಿಳಾಸ, ಮಕ್ಕಳ ಹೆಸರು, ವಾಪಸ್ ಟಿಕೆಟ್ ತಾರೀಖು ಒಂದು ಹಾಳೆಯಲ್ಲಿರಲಿ, ಅಲ್ಲಿ ಕೇಳೋದು ಅದನ್ನೇ.

ಬಾತಿ ಗುಡ್ಡ:

ಅಬುಧಾಬಿ ಅಂದರೆ ಗಸಗಸೆ ನೆನಪಿರಲಿ ಅಕ್ಕಾರೆ. ಸಾರಿನ ಪುಡಿ, ಸಾಂಬಾರ್ ಪುಡಿ ಡಬ್ಬಿಯೂ ಕೇಳಿ ನೋಡ್ರಿ.

ಕುಂದವಾಡ ಕೆರೆ:

ಸಾಂಬಾರ್ ಪುಡಿಗೆ ಹಾಕಿದ್ದಾರಂತೆ. ಹೊಸದಾಗಿ ಗಸಗಸೆ ಇಲ್ಲದೆ ಮಾಡಿಸ್ತಿದ್ದೀವಿ.